ಮಗುವಿನ ಜೊತೆ ಗಟ್ಟಿ ನಂಟು ಬೆಳೆಸುವುದು ಹೇಗೆ? ಹುಟ್ಟಿದಂದಿನಿಂದ ಮೂರು ವರ್ಷದವರೆಗೆ, ಹಂತ ಹಂತವಾಗಿ

ಮಗು ಹುಟ್ಟಿದ ಮನೆಯಲ್ಲಿ ಸಲಹೆಗೆ ಬರ ಇರುವುದಿಲ್ಲ. ಅತ್ತ ಕೂಡಲೇ ಎತ್ತಿಕೊಳ್ಳಬೇಡಿ, ಕೈ ರೂಢಿಯಾಗುತ್ತದೆ ಅನ್ನುವವರು ಒಬ್ಬರು. ಒಂದು ನಿಮಿಷವೂ ಅಳಲು ಬಿಡಬೇಡಿ ಅನ್ನುವವರು ಇನ್ನೊಬ್ಬರು. ಯಾರ ಮಾತು ಕೇಳಬೇಕೆಂದು ತಿಳಿಯದೆ ನಡುವೆ ಸಿಕ್ಕಿಕೊಳ್ಳುವವರು ನಿದ್ದೆಗೆಟ್ಟ ಅಪ್ಪ ಅಮ್ಮ. ಈ ಲೇಖನ ಅವರಿಗಾಗಿ.

ಓದುವ ಮುಂಚೆ ಒಂದು ಮಾತು ಮನಸ್ಸಿನಲ್ಲಿರಲಿ. ಮಗುವಿಗೆ ತಪ್ಪೇ ಮಾಡದ ಅಪ್ಪ ಅಮ್ಮ ಬೇಕಿಲ್ಲ. ತಪ್ಪಿದ ಮೇಲೂ ಮತ್ತೆ ತನ್ನ ಹತ್ತಿರ ಬರುವವರು ಬೇಕು. ಕೆಳಗಿನ ಎಲ್ಲ ಹೆಜ್ಜೆಗಳೂ ಇದನ್ನೇ ಬೇರೆ ಬೇರೆ ಹೊತ್ತಿನಲ್ಲಿ ಮಾಡುವ ಬಗೆಗಳು.

ನಂಟು ಹಾಲಿನಿಂದ ಮಾತ್ರ ಬರುವುದಿಲ್ಲ

ಹಾಲು ಕೊಡುತ್ತಾಳೆ ಅನ್ನುವ ಕಾರಣಕ್ಕೆ ಮಗು ಅಮ್ಮನನ್ನು ಹಚ್ಚಿಕೊಳ್ಳುತ್ತದೆ ಎಂದು ಒಂದು ಕಾಲದಲ್ಲಿ ತಜ್ಞರೂ ನಂಬಿದ್ದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೊ ಕೋತಿ ಮರಿಗಳ ಮುಂದೆ ಎರಡು ಗೊಂಬೆ ತಾಯಂದಿರನ್ನು ಇಟ್ಟರು. ಒಂದು ಬರೀ ತಂತಿಯದು, ಅದರಲ್ಲಿ ಹಾಲಿನ ಬಾಟಲಿ ಇತ್ತು. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು, ಹಾಲಿರಲಿಲ್ಲ. ಮರಿಗಳು ಹಸಿವಾದಾಗಷ್ಟೇ ತಂತಿಯ ತಾಯಿಯ ಬಳಿ ಹೋದವು. ಉಳಿದ ಹೆಚ್ಚಿನ ಹೊತ್ತು ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡಿದ್ದವು. ಹೆದರಿದಾಗ ಓಡಿ ಹೋಗಿದ್ದೂ ಅದರ ಹತ್ತಿರವೇ. ಮರಿಗಳನ್ನು ನಿಜವಾದ ತಾಯಿಯಿಂದ ಬೇರೆ ಮಾಡಿ ನಡೆಸಿದ ಆ ಪ್ರಯೋಗ ಕ್ರೂರವಾದದ್ದು, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆದರೂ ಅದು ಜನರ ಯೋಚನೆಯನ್ನು ಬದಲಿಸಿತು.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಅದೇ ಕಾಲದಲ್ಲಿ ಮನುಷ್ಯರ ಮಕ್ಕಳ ಬಗ್ಗೆ ಹೇಳುತ್ತಿದ್ದುದೂ ಇದನ್ನೇ. ಮಗು ದೊಡ್ಡವರಿಗೆ ಅಂಟಿಕೊಳ್ಳುವುದು ಸುರಕ್ಷತೆಗಾಗಿ. ಹೆದರಿಕೆಯಾದಾಗ ಓಡಿ ಬರಲು ಒಂದು ಜಾಗ ಬೇಕು, ಧೈರ್ಯ ಬಂದ ಮೇಲೆ ಅಲ್ಲಿಂದ ಹೊರಡಬೇಕು. 1964ರಲ್ಲಿ ಸಂಶೋಧಕರಾದ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಸ್ಕಾಟ್ಲೆಂಡಿನ ಗ್ಲಾಸ್ಗೋದ 60 ಶಿಶುಗಳನ್ನು ಗಮನಿಸಿ ಬರೆದದ್ದು ಅಪ್ಪಂದಿರಿಗೆ ಖುಷಿ ಕೊಡಬೇಕು. ಎಷ್ಟೋ ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದವು. ಜಾಸ್ತಿ ಹೊತ್ತು ಜೊತೆಗಿದ್ದವರನ್ನೇ ಅಂತಲ್ಲ, ತಮ್ಮ ಸೂಚನೆಗೆ ಚೆನ್ನಾಗಿ ಸ್ಪಂದಿಸಿದವರನ್ನು.

ಹಾಗಾಗಿ ಬಾಟಲಿ ಹಾಲು ಕೊಡುವ ಅಮ್ಮ, ಸಂಜೆಯಷ್ಟೇ ಮನೆಗೆ ಬರುವ ಅಪ್ಪ, ದತ್ತು ತೆಗೆದುಕೊಂಡವರು, ಮೊಮ್ಮಗುವನ್ನು ಸಾಕುವ ಅಜ್ಜಿ, ಎಲ್ಲರಿಗೂ ಈ ದಾರಿ ತೆರೆದಿದೆ.

ಹೆಜ್ಜೆ 1: ಮಗು ಹೇಳುವುದನ್ನು ನೋಡಲು ಕಲಿಯಿರಿ

ಮಾತು ಬರುವ ಎಷ್ಟೋ ಮುಂಚೆಯೇ ಮಗು ಮೈಯಿಂದ ಮಾತಾಡುತ್ತದೆ. ಹಸಿದ ಮಗು ಅಳುವ ಮೊದಲೇ ತಲೆ ಆಚೀಚೆ ತಿರುಗಿಸಿ ಬಾಯಿ ತೆರೆಯುತ್ತದೆ, ಮುಷ್ಟಿ ಚೀಪುತ್ತದೆ. ನಿದ್ದೆ ಬಂದರೆ ಕಣ್ಣು ಉಜ್ಜುತ್ತದೆ, ನೋಟ ಎಲ್ಲೋ ಹೋಗುತ್ತದೆ. ಆಟ ಸಾಕಾದರೆ ಮುಖ ಪಕ್ಕಕ್ಕೆ ತಿರುಗಿಸುತ್ತದೆ, ಬೆನ್ನು ಬಿಲ್ಲಿನಂತೆ ಬಾಗಿಸುತ್ತದೆ.

ಈ ಮುಖ ತಿರುಗಿಸುವುದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಮಗುವಿಗೆ ನಾನು ಇಷ್ಟವಿಲ್ಲವೇನೋ ಅಂದುಕೊಂಡು ಇನ್ನೂ ಜೋರಾಗಿ ಗಿಲಕಿ ಆಡಿಸುತ್ತಾರೆ. ಮಗು ಕೇಳುತ್ತಿರುವುದು ಸ್ವಲ್ಪ ಬಿಡುವು ಅಷ್ಟೇ. ಸುಮ್ನೆ ಕಾಯಿರಿ. ಕೆಲವು ಸೆಕೆಂಡಿನಲ್ಲಿ ಅದೇ ತಿರುಗಿ ನಿಮ್ಮನ್ನು ನೋಡುತ್ತದೆ. ಆಗ ನಗಿ.

ಹೊಸದಾಗಿ ಹುಟ್ಟಿದ ಮಗುವಿಗೆ ಚೆನ್ನಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಮಡಿಲಲ್ಲಿ ಮಲಗಿಸಿಕೊಂಡರೆ ನಿಮ್ಮ ಮುಖ ಸರಿಯಾಗಿ ಅಷ್ಟೇ ದೂರದಲ್ಲಿರುತ್ತದೆ. ಆ ಹೊತ್ತಿನಲ್ಲಿ ಮುಖ ನೋಡಿ ಮಾತಾಡಿ. ಏನು ಮಾತಾಡಿದರೂ ನಡೆಯುತ್ತದೆ. ಆರರಿಂದ ಎಂಟು ವಾರದ ಹೊತ್ತಿಗೆ ನಿಮ್ಮನ್ನು ನೋಡಿಯೇ ನಗುವ ನಗು ಬರುತ್ತದೆ. ಅಲ್ಲಿಯವರೆಗೆ ಉತ್ತರ ಸಿಗದಿದ್ದರೂ ಮಗು ಕೇಳಿಸಿಕೊಳ್ಳುತ್ತಲೇ ಇರುತ್ತದೆ.

ಹೆಜ್ಜೆ 2: ಅಳುವಿಗೆ ಹೋಗಿ

ಮೊದಲ ತಿಂಗಳುಗಳಲ್ಲಿ ಎತ್ತಿಕೊಂಡರೆ ಮಗು ಕೆಡುವುದಿಲ್ಲ. ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಇಷ್ಟು ಚಿಕ್ಕ ಮಗುವಿಗೆ ನಿಮ್ಮನ್ನು ಆಟವಾಡಿಸುವ ಯೋಜನೆ ಹಾಕುವಷ್ಟು ಮಿದುಳು ಬೆಳೆದಿರುವುದಿಲ್ಲ. ಅದಕ್ಕೆ ಬೇಕಿರುವುದು ಒಂದೇ ಪಾಠ: ನಾನು ಕರೆದರೆ ಯಾರೋ ಬರುತ್ತಾರೆ.

ಹೋದ ಮೇಲೆ ಒಂದು ಕ್ರಮ ಇಟ್ಟುಕೊಳ್ಳಿ. ಹಸಿವಾ? ಒದ್ದೆಯಾಗಿದೆಯಾ? ಸೆಕೆಯಾ, ಚಳಿಯಾ? ಬಟ್ಟೆ ಎಲ್ಲಾದರೂ ಬಿಗಿಯುತ್ತಿದೆಯಾ? ಯಾವುದೂ ಅಲ್ಲದಿದ್ದರೆ ಎದೆಗೆ ಒರಗಿಸಿಕೊಂಡು ನಿಧಾನವಾಗಿ ನಡೆಯಿರಿ, ಒಂದೇ ದನಿಯಲ್ಲಿ ಗುನುಗಿ. ರಮಿಸುವ ಬಗೆಯನ್ನು ನಿಮಿಷಕ್ಕೊಂದು ಬದಲಿಸಬೇಡಿ. ಒಂದಕ್ಕೆ ಸ್ವಲ್ಪ ಹೊತ್ತು ಕೊಟ್ಟು ನೋಡಿ. ಮೂರು ತಿಂಗಳ ಒಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಇದ್ದರೆ ಮಾತ್ರ ರಮಿಸುತ್ತಾ ಕೂರಬೇಡಿ, ಕೂಡಲೇ ವೈದ್ಯರ ಹತ್ತಿರ ಹೋಗಿ.

ಎಷ್ಟು ಮಾಡಿದರೂ ಅಳು ನಿಲ್ಲದ ಸಂಜೆಗಳೂ ಬರುತ್ತವೆ. ಆರೋಗ್ಯವಾಗಿರುವ ಮಕ್ಕಳ ಅಳು ಕೂಡ ಎರಡು ವಾರದಿಂದ ಏರುತ್ತಾ ಹೋಗಿ, ಆರು ವಾರದ ಆಸುಪಾಸಿನಲ್ಲಿ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇದು ನಿಮ್ಮ ಸೋಲಲ್ಲ. ತಾಳ್ಮೆ ಕಳಚಿ ಬೀಳುತ್ತಿದೆ ಅನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಪಕ್ಕದ ಕೋಣೆಗೆ ಹೋಗಿ ಐದು ನಿಮಿಷ ಉಸಿರಾಡಿ, ಆಮೇಲೆ ವಾಪಸ್ ಬನ್ನಿ. ಐದು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಕೋಪದಲ್ಲಿ ಹಿಡಿದು ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗಿ ಜೀವವೇ ಹೋಗಬಹುದು. ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದನ್ನು ಬಾಯಿಬಿಟ್ಟು ಹೇಳಿಡಿ.

ಹೆಜ್ಜೆ 3: ಮಾತಿಗೆ ಮಾತು, ನಗುವಿಗೆ ನಗು

ಇದಕ್ಕೆ ಬೇರೆ ಸಮಯ ಬೇಡ. ಒದ್ದೆ ಬಟ್ಟೆ ಬದಲಿಸುವ ಮೂರು ನಿಮಿಷವನ್ನೇ ತೆಗೆದುಕೊಳ್ಳಿ. ಮಗು ಮಲಗಿದೆ, ನೀವು ಬಗ್ಗಿದ್ದೀರಿ. "ಕಾಲು ಎತ್ತೋಣ್ವಾ?" ಎಂದು ಕೇಳಿ, ಒಂದು ಕ್ಷಣ ನಿಲ್ಲಿ. ಮಗು ಕಾಲು ಒದೆಯುತ್ತದೆ. "ಓ, ಎತ್ತಿಬಿಟ್ಟೆ!" ಅನ್ನಿ. ಅದು "ಆಆ" ಅನ್ನುತ್ತದೆ. ನೀವೂ "ಆಆ" ಅನ್ನಿ. ಮತ್ತೆ ನಿಲ್ಲಿ. ಈ ನಿಲ್ಲುವುದೇ ಮುಖ್ಯ. ನಾವು ಬಿಡದೆ ಮಾತಾಡಿದರೆ ಅದರ ಸರದಿ ಬರುವುದೇ ಇಲ್ಲ. ಮಗುವಿಗೆ ಉತ್ತರ ಹುಡುಕಲು ನಮಗಿಂತ ಜಾಸ್ತಿ ಹೊತ್ತು ಬೇಕು.

ಮಗು ಇದನ್ನು ಎಷ್ಟು ನಿರೀಕ್ಷಿಸುತ್ತದೆ ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ ಟ್ರಾನಿಕ್ ತೋರಿಸಿದರು. ಅಮ್ಮಂದಿರು ಮಗುವಿನ ಜೊತೆ ಚೆನ್ನಾಗಿ ಆಡುತ್ತಿದ್ದು, ನಂತರ ಒಂದೆರಡು ನಿಮಿಷ ಯಾವ ಭಾವವೂ ಇಲ್ಲದ ಮುಖ ಇಟ್ಟುಕೊಂಡು ಸುಮ್ಮನೆ ನೋಡಬೇಕಿತ್ತು. ಮಕ್ಕಳು ಮೊದಲು ನಕ್ಕು ಕರೆಯುತ್ತವೆ. ಕೈ ಚಾಚುತ್ತವೆ, ಕೂಗುತ್ತವೆ. ಯಾವುದಕ್ಕೂ ಉತ್ತರ ಬಾರದಿದ್ದಾಗ ಕಂಗೆಟ್ಟು ಮುಖ ತಿರುಗಿಸುತ್ತವೆ. ಅಮ್ಮ ಮತ್ತೆ ನಕ್ಕಾಗ ಕೆಲವು ಸ್ವಲ್ಪ ಮುನಿಸು ತೋರಿಸಿ ಆಮೇಲೆ ಆಟಕ್ಕೆ ಮರಳುತ್ತವೆ.

ಫೋನ್ ನೋಡುತ್ತಿರುವಾಗ ನಮ್ಮ ಮುಖವೂ ಸುಮಾರು ಹೀಗೇ ಇರುತ್ತದೆ, ಅಲ್ವಾ? ಇಡೀ ದಿನ ಫೋನ್ ಮುಟ್ಟಬೇಡಿ ಎಂದು ನಾನು ಹೇಳುವುದಿಲ್ಲ, ಅದು ಆಗದ ಮಾತು. ಹಾಲು ಕೊಡುವಾಗ, ಸ್ನಾನ ಮಾಡಿಸುವಾಗ, ಮಲಗಿಸುವಾಗ ಅದನ್ನು ಬೇರೆ ಕೋಣೆಯಲ್ಲಿಡಿ. ಮಗುವಿನ ಕೈಗಂತೂ ಕೊಡಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ. ಎರಡು ವರ್ಷವಾದ ಮೇಲೂ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಟ್ರಾನಿಕ್ ಅವರ ಕೆಲಸದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಅಂಶ ಇನ್ನೊಂದಿದೆ. ಚೆನ್ನಾಗಿ ಹೊಂದಿಕೊಂಡ ಅಮ್ಮ ಮಗುವಿನ ನಡುವೆಯೂ ತಾಳ ಕೂಡುವುದು ಸುಮಾರು ಶೇಕಡಾ 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಸರಿ ಹೋಗುವುದು, ಮತ್ತೆ ತಪ್ಪುವುದು. ಸರಿ ಮಾಡಿಕೊಳ್ಳುವ ಆ ಕೆಲಸದಲ್ಲೇ ಮಗು ಬೆಳೆಯುತ್ತದೆ.

ಹೆಜ್ಜೆ 4: ಹೇಳಿ ಹೋಗಿ, ಹೇಳಿದ ಹಾಗೆ ಬನ್ನಿ

ಆರರಿಂದ ಎಂಟು ತಿಂಗಳ ನಂತರ ಮಗು ಹೊಸಬರನ್ನು ಕಂಡರೆ ಮುಖ ಮುಚ್ಚಿಕೊಳ್ಳುತ್ತದೆ. ನೀವು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ರಚ್ಚೆ ಹಿಡಿಯುತ್ತದೆ. ನಿನ್ನೆಯವರೆಗೆ ಎಲ್ಲರ ಹತ್ತಿರ ಹೋಗುತ್ತಿದ್ದ ಮಗು ಹೀಗಾಯಿತಲ್ಲ ಎಂದು ಗಾಬರಿಯಾಗಬೇಡಿ. ಯಾರು ತನ್ನವರು ಎಂದು ಅದಕ್ಕೆ ಈಗ ಗೊತ್ತಾಗಿದೆ. ನೀವು ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದೀರಿ ಎಂದೂ ತಿಳಿಯತೊಡಗಿದೆ. ಯಾವಾಗ ಬರುತ್ತೀರಿ ಎಂಬುದು ಮಾತ್ರ ಗೊತ್ತಿಲ್ಲ. ಇದು 10ರಿಂದ 18 ತಿಂಗಳ ನಡುವೆ ಜೋರಾಗಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ.

ಕದ್ದು ಹೋಗುವುದು ಸುಲಭದ ದಾರಿ. ಆದರೆ ಆಟದಲ್ಲಿ ಮುಳುಗಿದ ಮಗು ತಲೆ ಎತ್ತಿದಾಗ ನೀವಿಲ್ಲ ಅಂದರೆ, ನಾಳೆಯಿಂದ ಅದು ಆಟದಲ್ಲಿ ಮುಳುಗಲೇ ಹೆದರುತ್ತದೆ. ಯಾವ ಕ್ಷಣದಲ್ಲಿ ಮಾಯವಾಗುತ್ತೀರೋ ಎಂದು ಕಾಯುತ್ತಾ ಕೂರುತ್ತದೆ. ಅದರ ಬದಲು ಹೀಗೆ ಮಾಡಿ.

ನೋಡಿಕೊಳ್ಳುವವರು ಬಂದ ತಕ್ಷಣ ಹೊರಡಬೇಡಿ. ಮೂವರೂ ಸ್ವಲ್ಪ ಹೊತ್ತು ಒಟ್ಟಿಗಿರಿ. ನೀವು ಅವರ ಜೊತೆ ಹಗುರವಾಗಿ ಮಾತಾಡುವುದನ್ನು ಮಗು ನೋಡಲಿ. ಆಮೇಲೆ ಕೂತು, ಅದರ ಕಣ್ಣಿನ ಮಟ್ಟಕ್ಕೆ ಬಂದು, "ನಾನು ಕೆಲಸಕ್ಕೆ ಹೋಗ್ತೀನಿ. ನೀನು ನಿದ್ದೆ ಮಾಡಿ ಎದ್ದ ಮೇಲೆ ಬರ್ತೀನಿ" ಅನ್ನಿ. "ಆರು ಗಂಟೆಗೆ" ಅಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಒಂದು ಮುತ್ತು, ಒಂದು ಟಾಟಾ, ಅಷ್ಟೇ. ಪ್ರತಿದಿನ ಅದೇ ಕ್ರಮ. ಅಳು ಕೇಳಿ ಮೂರು ಮೂರು ಸಲ ವಾಪಸ್ ಬಂದರೆ ಇಬ್ಬರಿಗೂ ಕಷ್ಟ. ಅಳುವ ಮಗುವನ್ನು ಎತ್ತಿ ರಮಿಸುವವರ ಕೈಗೆ ಕೊಟ್ಟು ಹೊರಡಿ. ನಿಮ್ಮ ಮೈ ವಾಸನೆ ಇರುವ ಬಟ್ಟೆಯೊಂದು ಹತ್ತಿರ ಇದ್ದರೆ ಎಚ್ಚರವಿರುವ ಹೊತ್ತಿನಲ್ಲಿ ಕೆಲವು ಮಕ್ಕಳಿಗೆ ಆಸರೆಯಾಗುತ್ತದೆ. ಒಂದು ವರ್ಷದೊಳಗಿನ ಮಗು ಮಲಗುವಾಗ ಮಾತ್ರ ಅದನ್ನು ತೊಟ್ಟಿಲಲ್ಲಿ ಬಿಡಬೇಡಿ.

ಮನೆಯಲ್ಲಿ ಇದಕ್ಕೆ ಅಭ್ಯಾಸ ಮಾಡಿಸುವ ಆಟವೂ ಇದೆ. ಕಣ್ಣಾಮುಚ್ಚಾಲೆ! ಮುಖಕ್ಕೆ ಬಟ್ಟೆ ಮುಚ್ಚಿ ತೆಗೆಯುವ ಆಟದಲ್ಲಿ ಮಗು ಕಲಿಯುವುದು ಹೋದವರು ಬರುತ್ತಾರೆ ಎಂಬುದನ್ನೇ. ಅದಕ್ಕೇ ಅದು ನೂರು ಸಲವಾದರೂ ಮತ್ತೆ ನಗುತ್ತದೆ.

ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಕ್ಕಳನ್ನು ಅವರವರ ಮನೆಯಲ್ಲೇ ತುಂಬಾ ಹೊತ್ತು ಕೂತು ನೋಡಿದವರು. ಒಂದು ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಕೆಲವು ನಿಮಿಷ ಬಿಟ್ಟು ಅಮ್ಮ ಮರಳಿ ಬರುವ ಒಂದು ಪರೀಕ್ಷೆಯನ್ನೂ ಅವರು ರೂಪಿಸಿದರು. ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಅಮ್ಮ ಬಂದಾಗ ಏನು ಮಾಡಿತು ಎಂಬುದನ್ನೇ ಅವರು ಮುಖ್ಯವಾಗಿ ನೋಡುತ್ತಿದ್ದರು. ನಂಟು ಗಟ್ಟಿಯಿರುವ ಮಗು ನೇರ ಅಮ್ಮನ ಹತ್ತಿರ ಬಂದು, ತಬ್ಬಿಕೊಂಡು, ಸಮಾಧಾನವಾಗಿ, ಮತ್ತೆ ಆಟಕ್ಕೆ ಹೋಗುತ್ತದೆ. ಕೆಲವು ಮಕ್ಕಳು ಏನೂ ಆಗಿಲ್ಲವೆಂಬಂತೆ ಮುಖ ತಿರುಗಿಸುತ್ತವೆ. ಕೆಲವು ಅಂಟಿಕೊಂಡೇ ಒದೆಯುತ್ತವೆ, ಸಮಾಧಾನವೇ ಆಗುವುದಿಲ್ಲ. ದಯವಿಟ್ಟು ಇದನ್ನು ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ನೋಡಿ ಅಳೆಯಲು ತರಬೇತಿ ಬೇಕು. ನೀವು ತೆಗೆದುಕೊಳ್ಳಬೇಕಾದದ್ದು ಇಷ್ಟು: ಮನೆಗೆ ಬಂದ ಮೊದಲ ಹತ್ತು ನಿಮಿಷ ಮಗುವಿಗೆ ಕೊಡಿ. ಚೀಲ ಬದಿಗಿಟ್ಟು ನೆಲಕ್ಕೆ ಕೂತುಬಿಡಿ. ಮುನಿಸಿಕೊಂಡಿದ್ದರೆ ಬಲವಂತವಾಗಿ ಎಳೆದುಕೊಳ್ಳದೆ ಹತ್ತಿರವೇ ಇರಿ. ಬರುತ್ತದೆ.

ಹೆಜ್ಜೆ 5: ಹೋಗಲು ಬಿಡಿ

ಅಂಬೆಗಾಲಿಡುವ ಮಗು ಹೊಸದೇನಾದರೂ ಕಂಡರೆ ಮೊದಲು ತಿರುಗಿ ನಿಮ್ಮ ಮುಖ ನೋಡುತ್ತದೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟಿದ್ದರು. ಮಧ್ಯದಲ್ಲಿ ಹಳ್ಳ ಇರುವಂತೆ ಕಾಣುತ್ತಿತ್ತು. ಆ ಬದಿಯಲ್ಲಿ ಅಮ್ಮ ನಗುತ್ತಿದ್ದಾಗ 19 ಮಕ್ಕಳಲ್ಲಿ 14 ದಾಟಿದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ.

ಅಪಾಯವಿಲ್ಲದ ಕಡೆ "ಬೀಳ್ತೀಯ, ಬೀಳ್ತೀಯ" ಅನ್ನುವುದನ್ನು ಕಡಿಮೆ ಮಾಡಿ. ಹತ್ತಿರ ನಿಂತು ತಲೆಯಾಡಿಸಿ. ಬಿದ್ದರೆ ಎತ್ತಿಕೊಳ್ಳಿ.

ಹೆಜ್ಜೆ 6: ಹಠದ ಹೊತ್ತಿನಲ್ಲಿ

ಎರಡು ವರ್ಷದ ಮಗು. ಹೊರಡಲು ತಡವಾಗಿದೆ. ಮಗು ಚಪ್ಪಲಿಯನ್ನು ಎಡಬಲ ಮಾಡಿ ಹಾಕಿಕೊಳ್ಳುತ್ತಾ ಕೂತಿದೆ. ನೀವು ಬಗ್ಗಿ ಟಕ್ಕನೆ ಹಾಕಿಬಿಟ್ಟಿರಿ. ಅಷ್ಟಕ್ಕೇ ಅದು ನೆಲಕ್ಕೆ ಬಿದ್ದು ಹೊರಳಾಡಿ ಕಿರುಚತೊಡಗಿತು.

ಆ ಮಗುವಿಗೆ ಆಸೆ ದೊಡ್ಡದು, ಮಾತು ಕಡಿಮೆ. ಕೋಪವನ್ನು ಹಿಡಿದಿಡುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಸದ್ಯಕ್ಕೆ ಅದರ ಪರವಾಗಿ ಶಾಂತವಾಗಿರುವ ಕೆಲಸ ನಿಮ್ಮದು.

ಮೊದಲು ನಿಮ್ಮ ಉಸಿರು ಸರಿ ಮಾಡಿಕೊಳ್ಳಿ. ತಲೆಗೆ ತಾಗುವ ವಸ್ತು ಇದ್ದರೆ ಸರಿಸಿ. ಹತ್ತಿರ ಕೂತು ಕಡಿಮೆ ಮಾತಿನಲ್ಲಿ ಹೇಳಿ: "ನೀನೇ ಹಾಕ್ಕೋಬೇಕಿತ್ತು. ನಾನು ಹಾಕಿಬಿಟ್ಟೆ. ಕೋಪ ಬಂತು." ಆಮೇಲೆ ಸುಮ್ಮನಿರಿ. ಮುಟ್ಟಲು ಬಿಟ್ಟರೆ ಬೆನ್ನು ಸವರಿ, ತಳ್ಳಿದರೆ ಒಂದು ಅಡಿ ದೂರ ಕೂರಿ. ಹೊಡೆಯಲು ಬಂದರೆ ಮೆಲ್ಲಗೆ ಕೈ ಹಿಡಿದು "ಹೊಡೆಯೋಕೆ ಬಿಡಲ್ಲ" ಅನ್ನಿ. ಬುದ್ಧಿ ಹೇಳುವ ಹೊತ್ತು ಇದಲ್ಲ, ಅದಕ್ಕೆ ಕೇಳಿಸುವುದೂ ಇಲ್ಲ.

ಅಳು ಇಳಿದ ಮೇಲೆ ಎತ್ತಿಕೊಳ್ಳಿ. ಚಪ್ಪಲಿ ಬಿಚ್ಚಿ ಅದರ ಕೈಗೇ ಕೊಡಬಹುದಾ? ನನ್ನ ಪ್ರಕಾರ ಕೊಡಬಹುದು. ಅದು ನಮ್ಮ ಅವಸರ ಮಾತ್ರ ಆಗಿತ್ತು. ಆದರೆ ಚಾಕು, ಬೆಂಕಿ, ರಸ್ತೆ ಇವುಗಳ ವಿಷಯದಲ್ಲಿ ಎಷ್ಟು ಅತ್ತರೂ ಇಲ್ಲ ಅಂದರೆ ಇಲ್ಲ. ಪ್ರೀತಿಯಿಂದ ಇಲ್ಲ ಅನ್ನಲು ಬರುತ್ತದೆ. ಅತ್ತಿದ್ದಕ್ಕೆ ಅಪ್ಪಿಕೊಳ್ಳಿ, ಕೇಳಿದ್ದನ್ನು ಕೊಡಬೇಡಿ.

ಕೆಲವು ಮಾತುಗಳನ್ನು ಮಾತ್ರ ಬಾಯಿಗೆ ತರಬೇಡಿ. "ನಿನ್ನ ಇಲ್ಲೇ ಬಿಟ್ಟು ಹೋಗ್ತೀನಿ." "ನೀನು ನಂಗೆ ಬೇಡ." "ಪೊಲೀಸಿಗೆ ಹಿಡ್ಕೊಡ್ತೀನಿ." ಮಗು ಆ ಕ್ಷಣಕ್ಕೆ ಸುಮ್ಮನಾಗುತ್ತದೆ ನಿಜ. ಹೆದರಿದಾಗ ಯಾರ ಹತ್ತಿರ ಓಡಬೇಕೋ ಅವರೇ ಹೆದರಿಸಿದರೆ ಅದಕ್ಕೆ ಓಡಲು ಬೇರೆ ಜಾಗವಿಲ್ಲ. ಹೊಡೆತದಿಂದ ಆಗುವುದೂ ಇದೇ.

ಹೆಜ್ಜೆ 7: ಕೂಗಾಡಿಬಿಟ್ಟರೆ

ಒಂದಲ್ಲ ಒಂದು ದಿನ ಕೂಗಾಡುತ್ತೀರಿ. ಕೂಗಾಡದ ಮನೆ ನಾನು ಕಂಡಿಲ್ಲ. ನೀವು ತಣ್ಣಗಾದ ಮೇಲೆ ಮಗುವಿನ ಹತ್ತಿರ ಹೋಗಿ, ಕೂತು, "ನಾನು ಜೋರಾಗಿ ಕೂಗಿದೆ. ನಿಂಗೆ ಹೆದರಿಕೆ ಆಯ್ತು. ತಪ್ಪಾಯ್ತು" ಅನ್ನಿ. "ಆದ್ರೆ ನೀನು ಹಾಗೆ ಮಾಡಿದ್ದಕ್ಕೆ..." ಎಂದು ಬಾಲ ಸೇರಿಸಬೇಡಿ. ಆಮೇಲೆ ಜೊತೆಯಲ್ಲಿ ಏನಾದರೂ ಮಾಡಿ, ಚೆಲ್ಲಿದ್ದನ್ನು ಒರೆಸಿ, ಪುಸ್ತಕ ನೋಡಿ. ದೊಡ್ಡವರು ಕ್ಷಮೆ ಕೇಳಿದರೆ ಸದರ ಆಗುತ್ತದೆ ಎಂಬ ಭಯ ಬೇಡ. ಜಗಳದ ನಂತರ ಮತ್ತೆ ಸೇರುವುದು ಹೇಗೆ ಎಂದು ಮಗು ಕಲಿಯಲು ಮನೆಗಿಂತ ಬೇರೆ ಶಾಲೆ ಇಲ್ಲ.

ಹೆಜ್ಜೆ 8: ಬೇರೆ ಮಕ್ಕಳ ಜೊತೆ

ಎರಡು ವರ್ಷದ ಮಕ್ಕಳು ಹೆಚ್ಚಾಗಿ ಅಕ್ಕಪಕ್ಕ ಕೂತು ತಮ್ಮ ಪಾಡಿಗೆ ಆಡುತ್ತವೆ. ಅದು ಸಹಜ. ಆಟಿಕೆ ಹಂಚಿಕೊಳ್ಳಲಿಲ್ಲ ಎಂದು ಸ್ವಾರ್ಥಿ ಅನ್ನಬೇಡಿ. ಇನ್ನೊಬ್ಬರು ತನಗಿಂತ ಬೇರೆಯಾಗಿ ಯೋಚಿಸುತ್ತಾರೆ ಎಂಬುದು ಚೆನ್ನಾಗಿ ಅರ್ಥವಾಗುವುದೇ ನಾಲ್ಕು ವರ್ಷದ ಆಸುಪಾಸಿನಲ್ಲಿ. ಕಿತ್ತು ಕೊಡಿಸುವ ಬದಲು ಸರದಿ ಕಲಿಸಿ: "ಅವಳದ್ದು ಮುಗೀಲಿ, ಆಮೇಲೆ ನಿಂದು." ಕಾಯುವಾಗ ಜೊತೆಗಿರಿ. ನಿಮ್ಮ ಮಗು ತಳ್ಳಿದ್ದರೆ ಮೊದಲು ಬಿದ್ದ ಮಗುವನ್ನು ನೋಡಿಕೊಳ್ಳಿ, ನಿಮ್ಮ ಮಗುವಿಗೆ ಆ ಮುಖ ತೋರಿಸಿ: "ನೋಡು, ಅವನಿಗೆ ನೋವಾಗಿದೆ. ಏನು ಮಾಡೋಣ?" ಬಲವಂತದ 'ಸಾರಿ'ಗಿಂತ ಇದು ಎಷ್ಟೋ ಮೇಲು.

ತಡವಾಯಿತೇ?

ಕಾಯಿಲೆ, ಆಸ್ಪತ್ರೆ, ದೂರದ ಕೆಲಸ, ತಡವಾದ ದತ್ತು, ಏನೇನೋ ಕಾರಣಕ್ಕೆ ಮೊದಲ ತಿಂಗಳುಗಳು ಕೈ ತಪ್ಪಿರಬಹುದು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಆಸುಪಾಸಿನಲ್ಲಿ ಶುರುವಾದ ಅಧ್ಯಯನವೊಂದು ಅನಾಥಾಲಯದ ಪುಟ್ಟ ಮಕ್ಕಳಲ್ಲಿ ಕೆಲವರನ್ನು ಸಾಕು ಮನೆಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿತು. ಮನೆ ಸಿಕ್ಕ ಮಕ್ಕಳ ನಂಟು ಸುಧಾರಿಸಿತು. ಎರಡು ವರ್ಷದೊಳಗೆ ಹೋದವರಲ್ಲಿ ಸುಧಾರಣೆ ಇನ್ನೂ ಚೆನ್ನಾಗಿತ್ತು. ಬೇಗ ಆದಷ್ಟೂ ಒಳ್ಳೆಯದು ನಿಜ, ಆದರೆ ಬಾಗಿಲು ಒಂದು ದಿನಕ್ಕೆ ಮುಚ್ಚಿಹೋಗುವುದಿಲ್ಲ. ಮೂರು ವರ್ಷದ ಮಗುವಾದರೂ ಹೆಜ್ಜೆ 1ರಿಂದಲೇ ಶುರು ಮಾಡಿ. ಮೊದಮೊದಲು ದೂರ ತಳ್ಳಬಹುದು, ನಂಬಿಕೆ ಬರಲು ತಿಂಗಳುಗಳೇ ಬೇಕಾಗಬಹುದು.

ಯಾವಾಗ ಸಹಾಯ ಕೇಳಬೇಕು

ಮೊದಲು ನಿಮ್ಮ ವಿಷಯ. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಮನಸ್ಸು ಮೇಲೇಳದಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಮಗುವನ್ನು ಕಂಡರೆ ಏನೂ ಅನಿಸದಿದ್ದರೆ ವೈದ್ಯರಿಗೆ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರಿಗೆಯಾದವರಲ್ಲಿ ಸುಮಾರು ಶೇಕಡಾ 13ರಷ್ಟು ಜನರಿಗೆ ಮಾನಸಿಕ ತೊಂದರೆ, ಹೆಚ್ಚಾಗಿ ಖಿನ್ನತೆ, ಕಾಡುತ್ತದೆ. ಚಿಕಿತ್ಸೆಯಿಂದ ವಾಸಿಯಾಗುತ್ತದೆ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಒಂದು ಗಂಟೆಯೂ ಕಾಯಬೇಡಿ, ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. ಅಪ್ಪಂದಿರಿಗೂ ಖಿನ್ನತೆ ಬರುತ್ತದೆ, ಅವರು ಹೇಳುವುದು ಕಡಿಮೆ.

ಇನ್ನು ಮಗುವಿನ ವಿಷಯ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸುವುದು, ಟಾಟಾ ಮಾಡುವುದು ಏನೂ ಇಲ್ಲದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಹೇಳದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬರುತ್ತಿದ್ದ ಮಾತು, ನಗು, ಆಟ ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ ಕೂಡಲೇ ಹೋಗಿ. ಇವು ಹೆಚ್ಚಾಗಿ ಕಿವಿಯ ಅಥವಾ ಬೆಳವಣಿಗೆಯ ತೊಂದರೆಯ ಸೂಚನೆಗಳು. ನೀವು ಪ್ರೀತಿ ಕಡಿಮೆ ಕೊಟ್ಟಿದ್ದರಿಂದ ಬಂದವಲ್ಲ. ಹೋಗುವಾಗ ಮಗು ಮನೆಯಲ್ಲಿ ಆಡುವ, ಊಟ ಮಾಡುವ, ಕರೆದಾಗ ವರ್ತಿಸುವ ಒಂದೆರಡು ನಿಮಿಷದ ವಿಡಿಯೊ ಫೋನಿನಲ್ಲಿ ಇಟ್ಟುಕೊಳ್ಳಿ. ಹೊಸ ಜಾಗದಲ್ಲಿ ಮಗು ಮುದುಡಿ ಕೂತಿರುತ್ತದೆ, ವೈದ್ಯರಿಗೆ ಆ ವಿಡಿಯೊ ತುಂಬಾ ನೆರವಾಗುತ್ತದೆ. ಕಾದು ನೋಡೋಣ ಅಂದರೆ ಎಷ್ಟು ದಿನ ಕಾಯಬೇಕು, ಆಮೇಲೆ ಯಾರ ಹತ್ತಿರ ಹೋಗಬೇಕು ಎಂದು ಕೇಳಿ ಬರೆದುಕೊಂಡು ಬನ್ನಿ.